ಶಲ್ಯದ ಕೆಳಗೆ ಹೋದ ಹತ್ತು ಅಧ್ಯಾಯಗಳು

ನಮ್ಮ ಮಾವನವರು ಸಾಂಗಲಿಯ ಪೇಟೆಯಲ್ಲಿ ಅರಿಶಿಣದ ವ್ಯಾಪಾರ ಮಾಡುತ್ತಿದ್ದರು. ಅಂಥವರು ಪುಸ್ತಕ ಬರೆಯಲು ಯಾಕೆ ಕುಳಿತರು ಎಂದು ನನ್ನನ್ನು ಕೇಳಬೇಡಿ. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಎದುರುತ್ತರ ಕೊಡುವವರು ಮನೆಯಲ್ಲಿ ಉಳಿಯಲಿಲ್ಲ, ಅದಕ್ಕೇ ಇರಬೇಕು. ಆ ವಯಸ್ಸಿಗೆ ಬೇರೆಯವರು ಶ್ರೀಶೈಲಕ್ಕೆ ಹೋಗುತ್ತಾರೆ. ಇವರು ಅಂಗಡಿಯ ಗಾದಿಯ ಮೇಲೆಯೇ ಕುಳಿತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದರು. ಬರೆದ ಕಾಗದಗಳನ್ನು ಅರಿಶಿಣದ ಚೀಲದಲ್ಲಿ ಇಡುತ್ತಿದ್ದರು. ಹುಳ ಬೀಳುವುದಿಲ್ಲ ಎನ್ನುತ್ತಿದ್ದರು. ಹುಳ ಬೀಳಲಿಲ್ಲ, ನಿಜ. ಆದರೆ ಆ ಕಾಗದ ಮುಟ್ಟಿದವರ ಕೈಯೆಲ್ಲ ಮದುಮಗಳ ಕೈಯಂತೆ ಹಳದಿಯಾಗುತ್ತಿತ್ತು.

ಅರಿಶಿಣ ಬೆಳೆಯುವುದು, ಬೇಯಿಸುವುದು, ಒಣಗಿಸುವುದು, ಒಳ್ಳೆಯ ಕೊಂಬು ಮುರಿದರೆ ಯಾವ ಸಪ್ಪಳ ಬರುತ್ತದೆ, ಹೊಳೆಯ ದಂಡೆಯಲ್ಲಿ ನೆಲ ತೋಡಿ ಮಾಡಿದ ಹಗೇವುಗಳಲ್ಲಿ ಅದನ್ನು ಕೆಡದಂತೆ ತುಂಬಿಡುವುದು ಹೇಗೆ, ನಮ್ಮ ಜನ ಕನ್ನಡ ಸೀಮೆಯಿಂದ ಈ ಪೇಟೆಗೆ ಯಾವಾಗ ಬಂದರು, ಇವೆಲ್ಲ ಸೇರಿ ಹನ್ನೆರಡು ಅಧ್ಯಾಯ. ಕಟ್ಟು ಒಂದು ಸಣ್ಣ ಕೂಸಿನಷ್ಟು ಭಾರವಿತ್ತು.

ಬರೆದದ್ದು ಕನ್ನಡದಲ್ಲಿ. ಸಂಸ್ಥಾನದ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಮರಾಠಿ. ನಮ್ಮ ಮನೆಯವರೂ ಮೈದುನರೂ ಊಟಕ್ಕೆ ಕುಳಿತಾಗ ಕನ್ನಡ ಮಾತಾಡುತ್ತಿದ್ದರು, ಆದರೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ನಾನು ಸಲಗರೆಯ ಕಡೆಯವಳು. ಅಲ್ಲಿ ಗುಡಿಯ ಕಟ್ಟೆಯ ಮೇಲೆ ಒಬ್ಬ ಅಯ್ಯನವರು ಮಕ್ಕಳಿಗೆ ಕನ್ನಡ ತಿದ್ದಿಸುತ್ತಿದ್ದರು. ನನಗೆ ಒತ್ತಕ್ಷರ ಹಿಡಿತಕ್ಕೆ ಬರುವ ಮೊದಲೇ ಮದುವೆಯಾಯಿತು. ಆದರೂ ಆ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ.

ಓದುವವಳು ಬೇಕಾದದ್ದು ಯಾಕೆಂದರೆ, ಮಾವನವರ ಕಣ್ಣು ಹೋಗುತ್ತಿತ್ತು. ಮಿರಜಿನ ದವಾಖಾನೆಯ ಡಾಕ್ಟರು ಇದು ಪೊರೆಯಲ್ಲ, ಕೊಯ್ದು ತೆಗೆಯುವಂಥದ್ದಲ್ಲ, ಮೆಲ್ಲಮೆಲ್ಲಗೆ ಪೂರ್ತಿ ಹೋಗುತ್ತದೆ ಎಂದು ಹೇಳಿ ಕಳಿಸಿಬಿಟ್ಟರು. ಜೊತೆಗೆ ಹೋದವಳು ನಾನೇ. ತಿರುಗಿ ಬರುವಾಗ ಟಾಂಗಾದಲ್ಲಿ ಮಾವನವರು ಹೊಡೆಯುವವನಿಗೆ ಕೇಳಿಸದಂತೆ ನನ್ನ ಕಡೆ ವಾಲಿದರು. ಆಮೇಲೆ ಹೇಳಿದರು.

"ಪ್ಯಾಟ್ಯಾಗ ಯಾರಿಗೂ ಗೊತ್ತಾಗಬಾರ್ದು ನೋಡವ್ವಾ. ಕಣ್ಣ ಕಾಣದಾಂವ ಮಾಲು ಛಲೋ ಐತಿ ಅಂದ್ರ ಯಾರ ನಂಬ್ತಾರ?"

"ಹೇಳೂದಿಲ್ರಿ."

"ಇನ್ನೊಂದು. ಪುಸ್ತಕ ಅಚ್ಚಾಗಿ ಬರಬೇಕು. ಅದನ್ನ ನನ್ನ ಕಣ್ಣಿಂದ ನಾನಽ ಓದಬೇಕು. ಆಮ್ಯಾಲ ಕಣ್ಣ ಹೋದ್ರ ಹೋಗವಲ್ವು."

"ಕಣ್ಣ ಹೋದ್ರೂ ನಾ ಓದಿ ಹೇಳ್ತೀನಲ್ರಿ ಮಾವಾರ."

"ನೀ ಓದಿದ್ರ ನನ್ನ ಪುಸ್ತಕ ನನಗಽ ತಿಳಿಯೂದಿಲ್ಲ ಯವ್ವಾ."

ಅದೂ ಖರೆ. ನಾನು ಸಿಟ್ಟಿಗೇಳಲಿಲ್ಲ.

ಮಿರಜಿನಲ್ಲಿ ಒಬ್ಬ ಛಾಪಖಾನೆಯವನಿದ್ದ. ಅವನ ಹತ್ತಿರ ಇದ್ದದ್ದು ಮರಾಠಿಯ ಬಾಳಬೋಧ ಲಿಪಿಯ ಅಚ್ಚುಮೊಳೆಗಳು ಮಾತ್ರ. ಕನ್ನಡದ ಮೊಳೆಗಳು ಧಾರವಾಡದಲ್ಲಿ ಸಿಗುತ್ತವೆ ಎಂದ. ಕಟ್ಟು ಬಿಚ್ಚಿ ನೋಡಿ, ಕೈ ಹಳದಿ ಮಾಡಿಕೊಂಡು, "ಕಾಕಾ, ಇದು ಶಾಸ್ತ್ರದ ಗ್ರಂಥ. ತಿಳಿದವರ ಕಡೆ ತೋರಿಸದೆ ಛಾಪಿಸಬೇಡಿ, ಜನ ನಗುತ್ತಾರೆ" ಎಂದು ಮರಾಠಿಯಲ್ಲಿ ಹೇಳಿದ. ತಿಳಿದವರು ಯಾರು ಎಂದರೆ, ಸಾಂಗಲಿಯಲ್ಲೇ ಕಾಲೇಜಿನ ಒಬ್ಬ ಪ್ರೊಫೆಸರರ ಮನೆ ತೋರಿಸಿಕೊಟ್ಟ. ಧಾರವಾಡದ ಕಡೆಯವರು, ಇತಿಹಾಸ ಕಲಿಸುವವರು, ತಾವೇ ಪುಸ್ತಕ ಬರೆದವರು.

ಪ್ರೊಫೆಸರರು ಒಳ್ಳೆಯ ಮನುಷ್ಯ. ಅದೇ ಮುಂದೆ ಎಲ್ಲ ಫಜೀತಿಗೂ ಕಾರಣವಾಯಿತು. ಅವರು ಕಟ್ಟನ್ನು ಇಟ್ಟುಕೊಂಡು ಪೂರ್ತಿ ಓದಿದರು. ಮಾವನವರೂ ನಾನೂ ಮತ್ತೆ ಹೋದಾಗ ಅವರ ಬಿಳಿ ಅಂಗಿಯ ತೋಳು ಮೊಣಕೈವರೆಗೆ ಹಳದಿಯಾಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಆ ತೋಳನ್ನೇ ನೋಡುತ್ತಿದ್ದರು.

"ಅಜ್ಜಾರ, ಹಗೇವಿನ ಅಧ್ಯಾಯ ಅದ ಅಲ್ರಿ, ಅಂಥಾದ್ದು ನಾ ಎಲ್ಲೂ ಓದಿಲ್ಲ," ಎಂದರು ಪ್ರೊಫೆಸರರು. "ಆದ್ರ ಇದು ವಿದ್ವತ್ತಿನ ಗ್ರಂಥ ಆಗಬೇಕಂದ್ರ, ಪ್ರತಿಯೊಂದು ಮಾತು ನಿಮಗ ಎಲ್ಲಿಂದ ಬಂತು ಅಂತ ಆಧಾರ ಕೊಡಬೇಕಾಗ್ತದ."

"ಕೊಡೂಣು," ಎಂದರು ಮಾವನವರು. "ಎಷ್ಟ ದಿವಸ ಕೊಡ್ತೀರಿ?"

"ಅವಸರ ಏನಿಲ್ರಿ."

ಅವಸರ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ.

ಮುಂದಿನ ರವಿವಾರ ಮಾವನವರು ಆಧಾರ ತೆಗೆದುಕೊಂಡು ಹೋದರು. ನಮ್ಮ ಪೇಟೆಯಲ್ಲಿ ಮಾತಿಗೆ ಆಧಾರವೆಂದರೆ ಮನುಷ್ಯ. ಯಾರ ಮಾತಿನ ಮೇಲೆ ನಂಬಿ ಹೇಳಿದೆಯೋ ಅವನನ್ನು ತಂದು ಎದುರಿಗೆ ನಿಲ್ಲಿಸಬೇಕು. ಹಾಗೆ ಮಾವನವರು ಎರಡು ಚಕ್ಕಡಿ ತುಂಬ ಆಧಾರಗಳನ್ನು ಹೇರಿಕೊಂಡು ಪ್ರೊಫೆಸರರ ಬಂಗಲೆಗೆ ಹೋದರು. ಹಗೇವು ತೋಡುವವರು, ಹಮಾಲರು, ಬುಧಗಾಂವದಿಂದ ಅರಿಶಿಣ ಬೇಯಿಸುವ ಇಬ್ಬರು ಮುದುಕರು, ನಮ್ಮ ಪೇಟೆಯ ದಲಾಲ ಕಾಕಾ, ಆ ಕಾಕಾನ ಕಿವುಡ ಅಣ್ಣ. ಸತ್ತವರಿಂದ ಕೇಳಿದ ಸಂಗತಿಗಳಿಗೆ ಅವರವರ ಮಕ್ಕಳನ್ನು ಕರೆತಂದಿದ್ದರು.

ಪ್ರೊಫೆಸರರು ಸ್ನಾನ ಮಾಡಿ ಪಂಚೆ ಉಟ್ಟು ಹೊರಗೆ ಬಂದರೆ ಪಡಸಾಲೆ ತುಂಬಿತ್ತು.

"ಇವರೆಲ್ಲಾ ಯಾರ್ರಿ?"

"ಆಧಾರರಿ," ಎಂದರು ಮಾವನವರು. "ಆ ಮೂಲ್ಯಾಗಿನಾಂವ ನಾಕನೇ ಅಧ್ಯಾಯದ್ದು. ಈ ಇಬ್ಬರು ಎರಡನೇದ್ದು. ಏನ ಕೇಳ್ತೀರಿ ಕೇಳ್ರಿ, ತಪ್ಪಿದ್ರ ಇಲ್ಲೇ ಬಾಯಿ ಹಿಡೀರಿ."

ಪ್ರೊಫೆಸರರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ, ಬಂದವರಿಗೆ ಅವಮಾನವಾಗಬಾರದು ಎಂದು, ನಾಲ್ಕನೇ ಅಧ್ಯಾಯದವನಿಗೆ ಒಂದು ಪ್ರಶ್ನೆ ಕೇಳಿದರು. ಅವನು ಉತ್ತರ ಹೇಳುವುದರೊಳಗೆ ಎರಡನೇ ಅಧ್ಯಾಯದವರು ಅದು ಸುಳ್ಳು ಎಂದರು. ಏಳನೇ ಅಧ್ಯಾಯದವನು ಎದ್ದು ನಿಂತ. ಕಿವುಡ ಅಣ್ಣನಿಗೆ ಏನೂ ಕೇಳಿಸಲಿಲ್ಲವಾದರೂ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಒಳಗೆ ಪ್ರೊಫೆಸರರ ಹೆಂಡತಿ ಚಹಾಕ್ಕೆ ನೀರಿನ ಮೇಲೆ ನೀರು ಸುರಿಯುತ್ತಿದ್ದರು. ನಾನು ಕಪ್ಪು ಬಸಿ ತೊಳೆಯುತ್ತಿದ್ದೆ.

"ಇವರು ಎಲ್ಲಾರೂ ಊಟಕ್ಕೂ ಇರ್ತಾರೇನು?" ಎಂದು ಆ ತಾಯಿ ಕೇಳಿದರು.

"ಇರ್ರಿ ಅಂದ್ರ ಇರ್ತಾರ್ರಿ," ಎಂದೆ.

"ನಾ ಅನ್ನೂದಿಲ್ಲವ್ವಾ."

ಗದ್ದಲ ನಿಲ್ಲಿಸಲು ಪ್ರೊಫೆಸರರು ಬೇರೆ ಮಾತು ತೆಗೆದರು. "ಅಜ್ಜಾರ, ಆಧಾರ ಆತು, ಸಾಕು. ಪುಸ್ತಕ ಸ್ವಲ್ಪ ದಪ್ಪ ಆಗ್ಯದ. ಒಂದಿಷ್ಟು ಕಡಿಮಿ ಮಾಡಬೇಕಾಗ್ತದ."

ಎಲ್ಲರೂ ಸುಮ್ಮನಾದರು. ಇಲ್ಲಿ ನಾನು ನಮ್ಮ ಪೇಟೆಯ ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ನಾಲ್ಕು ಜನರ ಎದುರಿಗೆ ದರವನ್ನು ಬಾಯಿಂದ ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಒಂದು ಬಟ್ಟೆಯ ಕೆಳಗೆ ಕೈ ಹಾಕುತ್ತಾರೆ, ಬೆರಳು ಹಿಡಿದು ಲೆಕ್ಕ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಒಪ್ಪಿಗೆಯಾದರೆ ಬಟ್ಟೆ ತೆಗೆದು "ಆತು" ಎನ್ನುವುದು. ಆತು ಎಂದರೆ ಆಯಿತು. ಆಮೇಲೆ ಮನೆ ಮುಳುಗಿದರೂ ಮಾತು ತಿರುಗುವುದಿಲ್ಲ.

ಕಡಿಮೆ ಮಾಡಬೇಕು ಎಂದರೆ ಎಷ್ಟು? ಅದನ್ನು ಅಷ್ಟು ಜನ ಆಧಾರಗಳ ಎದುರಿಗೆ ಆಡುವುದುಂಟೇ? ಮಾವನವರು ಸರಿದು ಪ್ರೊಫೆಸರರ ಮಗ್ಗುಲಲ್ಲಿ ಕುಳಿತರು, ಹೆಗಲ ಮೇಲಿನ ಶಲ್ಯ ತೆಗೆದು ಇಬ್ಬರ ಕೈ ಮೇಲೂ ಹೊದಿಸಿದರು.

ಪ್ರೊಫೆಸರರು ಏನೆಂದುಕೊಂಡರು ಎಂಬುದನ್ನು ಅವರೇ ಆಮೇಲೆ ಹೇಳಿದರು. ಮುದುಕರಿಗೆ ತಮ್ಮ ಪುಸ್ತಕ ಕತ್ತರಿಸುವ ಮಾತು ಕೇಳಿ ದುಃಖವಾಗಿದೆ, ಕೈ ನಡುಗುತ್ತಿರಬೇಕು, ಜನರಿಗೆ ಕಾಣಬಾರದು ಎಂದು ಮುಚ್ಚಿಕೊಂಡಿದ್ದಾರೆ, ಧೈರ್ಯ ಬೇಡುತ್ತಿದ್ದಾರೆ ಎಂದುಕೊಂಡರಂತೆ. ಮಾವನವರು ಅವರ ಒಂದು ಬೆರಳು ಹಿಡಿದರು: ಒಂದು ಅಧ್ಯಾಯ ಬಿಡುತ್ತೇನೆ. ಪ್ರೊಫೆಸರರು ಅಂತಃಕರಣದಿಂದ ಅವರ ಇಡೀ ಕೈ ಹಿಡಿದು ಎರಡು ಸಲ ಅದುಮಿದರು. ಐದು, ಮತ್ತೆ ಐದು.

ಮಾವನವರ ಮುಖ ಇಳಿಯಿತು. ಎರಡು ಬೆರಳು ಹಿಡಿದರು. ಪ್ರೊಫೆಸರರಿಗೆ ಇನ್ನೂ ಕನಿಕರ ಬಂತು, ಮತ್ತೆ ಇಡೀ ಕೈ, ಎರಡು ಸಲ. ಮೂರು ಬೆರಳು. ಮತ್ತೆ ಅದೇ. ಮಾವನವರ ಹಣೆಯ ಮೇಲೆ ಬೆವರು ಕಂಡಿತು. ಆಧಾರಗಳೆಲ್ಲ ಉಸಿರು ಬಿಗಿಹಿಡಿದು ಶಲ್ಯವನ್ನೇ ನೋಡುತ್ತಿದ್ದರು. ಪ್ರೊಫೆಸರರು ಮಾತ್ರ ಮುಗುಳ್ನಗುತ್ತಿದ್ದರು. ಇಂಥ ಗಟ್ಟಿ ಆಸಾಮಿಯನ್ನು ತಾನು ಜನ್ಮದಲ್ಲಿ ನೋಡಿರಲಿಲ್ಲ, ಅರಿಶಿಣಕ್ಕೆ ಇಳಿದಿದ್ದರೆ ಪೇಟೆಯನ್ನೇ ಕೊಳ್ಳುತ್ತಿದ್ದ ಎಂದು ದಲಾಲ ಕಾಕಾ ತಿರುಗಿ ಬರುವಾಗ ಚಕ್ಕಡಿಯಲ್ಲಿ ಹೇಳಿದ.

ಮಾವನವರು ಶಲ್ಯ ತೆಗೆದರು. "ಆತು," ಎಂದರು.

"ಆತಲ್ಲ, ಛಲೋ ಆತು," ಎಂದರು ಪ್ರೊಫೆಸರರು.

ಮರುದಿನ ಮಾವನವರು ನನ್ನ ಕೈಯಲ್ಲಿ ಎರಡು ಅಧ್ಯಾಯ ಕೊಟ್ಟು ಕಳಿಸಿದರು. ಒಂದು ಹಗೇವಿನದು. ಇನ್ನೊಂದು ಕೊಂಬಿನ ಸಪ್ಪಳದ್ದು. ಪ್ರೊಫೆಸರರು ಕಟ್ಟು ಬಿಚ್ಚಿ ನೋಡಿದರು.

"ಉಳಿದದ್ದು ಎಲ್ಲವ್ವಾ?"

"ಉಳಿದದ್ದು ಇಷ್ಟಽ ಅಲ್ರಿ. ಹತ್ತು ನೀವಽ ತಗದ್ರೆಲ್ಲ."

"ನಾನು? ಯಾವಾಗ?"

"ನಿನ್ನೆ. ಶಲ್ಯದ ಬುಡಕ."

ಬೆರಳಿನ ಲೆಕ್ಕ ನಾನು ತಿಳಿಸಿ ಹೇಳಿದೆ. ಅವರು ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದರು; ಅತ್ತರೋ ನಕ್ಕರೋ ನನಗೆ ಕಾಣಲಿಲ್ಲ.

ಅವತ್ತೇ ಪ್ರೊಫೆಸರರು ಕಾಲೇಜು ಬಿಟ್ಟು ನಮ್ಮ ಅಂಗಡಿಗೆ ಬಂದರು. ನಾನು ಒಂದೇ ಅಧ್ಯಾಯ ಬಿಡಿಸಬೇಕೆಂದಿದ್ದೆ, ಅದೂ ನಿಮ್ಮ ಮನೆತನದ ವಂಶಾವಳಿಯದು ಮಾತ್ರ, ದಯವಿಟ್ಟು ಉಳಿದದ್ದು ತಿರುಗಿ ಸೇರಿಸಿರಿ ಎಂದು ಬೇಡಿಕೊಂಡರು. ಮಾವನವರು ತಲೆ ಅಲ್ಲಾಡಿಸಿದರು.

"ಅರ್ಧಾ ಪ್ಯಾಟಿ ಕುಂತ ನೋಡೇತ್ರಿ ಸಾಹೇಬ್ರ. ವಸ್ತ್ರ ತಗದ ಮ್ಯಾಲ ಮಾತಿಲ್ಲ."

"ನನಗ ಅದರ ಅರ್ಥ ಗೊತ್ತಿರಲಿಲ್ರಿ ಅಜ್ಜಾರ!"

"ಗೊತ್ತಿಲ್ಲದಽ ಅಷ್ಟ ಗಟ್ಟಿ ಹಿಡದ್ರಿ, ಗೊತ್ತಿದ್ರ ಹನ್ನೆರಡೂ ಹೋಗ್ತಿದ್ವು."

ದಾರಿ ತೋರಿಸಿದವನು ದಲಾಲ ಕಾಕಾ. ಆದ ವ್ಯವಹಾರ ಮುರಿಯುವಂತಿಲ್ಲ, ಆದರೆ ಹೊಸ ವ್ಯವಹಾರಕ್ಕೆ ಯಾರ ಅಡ್ಡಿ? ಹತ್ತು ಅಧ್ಯಾಯ ಈಗ ಪ್ರೊಫೆಸರರ ಮಾಲು. ಅವರು ಪೇಟೆಗೆ ಬಂದು, ಶಲ್ಯದ ಕೆಳಗೆ ಕೈ ಹಾಕಿ, ಅದನ್ನು ಮಾವನವರಿಗೆ ತಿರುಗಿ ಮಾರಬೇಕು. ಆದರೆ ಅವರಿಗೆ ಬೆರಳಿನ ವಿದ್ಯೆ ಕಲಿಸಬೇಕು. ಅದನ್ನು ತಾನೇ ಕಲಿಸುತ್ತೇನೆ ಎಂದ. ಹೀಗೆ, ಸಲಹೆ ಕೊಡಬೇಕಾದ ಪ್ರೊಫೆಸರರು ಸಂಜೆ ಸಂಜೆ ತಮ್ಮ ಪಡಸಾಲೆಯಲ್ಲಿ ದಲಾಲನ ಎದುರು ಟವೆಲ್ಲಿನ ಕೆಳಗೆ ಕೈ ಇಟ್ಟುಕೊಂಡು ಕೂರತೊಡಗಿದರು. ಕಾಗದ ಕೊಡಲು ತರಲು ನಾನು ಹೋದಾಗೆಲ್ಲ ಅದೇ ನಡೆದಿರುತ್ತಿತ್ತು.

"ಮೆತ್ತಗ ಹಿಡೀರಿ ಸಾಹೇಬ್ರ, ಕುಸ್ತಿ ಅಲ್ಲ ಇದು," ಎನ್ನುತ್ತಿದ್ದ ದಲಾಲ.

"ಇದನ್ನಽ ಕಾಲೇಜಿನಾಗೂ ಕಲಸ್ತೀರೇನು?" ಎನ್ನುತ್ತಿದ್ದರು ಹೆಂಡತಿ.

ಇಷ್ಟರಲ್ಲಿ ಮಾವನವರಿಗೆ ಅಂಗಡಿಯ ಮೆಟ್ಟಿಲು ಕಾಣದಂತಾಗಿತ್ತು. ಕಾಲಿನಿಂದ ತಡವಿ ಇಳಿಯುತ್ತಿದ್ದರು. ಯಾರಾದರೂ ನೋಡಿದರೆ ಚಪ್ಪಲಿ ಹುಡುಕುವವರಂತೆ ಮಾಡುತ್ತಿದ್ದರು. ಕೊಂಬು ಕೈಗೆ ತೆಗೆದುಕೊಂಡು ಮುರಿದು ಕಿವಿಯ ಹತ್ತಿರ ಹಿಡಿದು ದರ ಹೇಳುತ್ತಿದ್ದರು. ಮೊದಲೆಲ್ಲ ಒಂದು ಸಲ ನೋಡಿದರೆ ಸಾಕು, ಬಣ್ಣದ ಮೇಲೆ ಹೇಳುತ್ತಿದ್ದರು. ದೊಡ್ಡ ಬೋರ್ಡುಗಳ ಅಕ್ಷರ ಮಾತ್ರ ಇನ್ನೂ ಕಾಣುತ್ತಿತ್ತು. ರಸ್ತೆಯಾಚೆ ಗೋಡೆಗೆ ಹಚ್ಚಿದ ನಾಟಕದ ಜಾಹೀರಾತನ್ನು ದಿನವೂ ಓದಿ ತಮ್ಮನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ಪ್ರೊಫೆಸರರ ವಿದ್ಯೆ ಮುಗಿಯುವ ಹೊತ್ತಿಗೆ, ಅವರು ಬರೆದು ಕೇಳಿದ್ದಕ್ಕೆ, ಧಾರವಾಡದ ಛಾಪಖಾನೆಯಿಂದ ಅಚ್ಚಿನ ಒಂದು ಹಾಳೆ ನಮೂನೆಗೆಂದು ಬಂತು. ಆಗ ದೊಡ್ಡ ಯುದ್ಧ ನಡೆದಿತ್ತು, ಕಾಗದ ಸಿಗುತ್ತಿರಲಿಲ್ಲ. ಇರುವ ಕಾಗದ ಇಷ್ಟೇ, ಸಣ್ಣ ಮೊಳೆ ಹಾಕಿದರೆ ಹನ್ನೆರಡೂ ಅಧ್ಯಾಯ ಅದರಲ್ಲೇ ಹಿಡಿಯುತ್ತವೆ ಎಂದು ಛಾಪಖಾನೆಯವರು ತಿಳಿಸಿದ್ದರು. ಪ್ರೊಫೆಸರರು ಆ ಹಾಳೆ ಹಿಡಿದುಕೊಂಡು ಖುಷಿಯಿಂದ ಅಂಗಡಿಗೆ ಬಂದರು. ಹಿಂದೆ ದಲಾಲ. ದಲಾಲನ ಹಿಂದೆ, ಏನಾಗುತ್ತದೆ ನೋಡೋಣ ಎಂದು, ನಮ್ಮ ಆಧಾರಗಳಲ್ಲಿ ಮುಕ್ಕಾಲು ಪಾಲು ಜನ.

ಮಾವನವರು ಹಾಳೆಯನ್ನು ಬೆಳಕಿಗೆ ಹಿಡಿದರು. ಹತ್ತಿರ ಹಿಡಿದರು. ದೂರ ಹಿಡಿದರು. ನಾನು ಒಳಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ, ಅಲ್ಲಿಂದಲೇ ಕಂಡಿತು. ಇರುವೆಯಂಥ ಅಕ್ಷರ. ನನ್ನ ಎಳೆಯ ಕಣ್ಣಿಗೇ ಕಷ್ಟ.

"ಛಲೋ ಐತಿ," ಎಂದು ಮಡಚಿ ಇಟ್ಟರು.

ಶಲ್ಯ ಹೊದಿಸಿದರು. ಪ್ರೊಫೆಸರರು ಕಲಿತ ಹಾಗೆ ಇಡೀ ಕೈ ಹಿಡಿದರು, ಎರಡು ಸಲ: ಹತ್ತೂ ತೆಗೆದುಕೊಳ್ಳಿ. ಮಾವನವರು ಮುಷ್ಟಿ ಮುಚ್ಚಿದರು. ಮುಷ್ಟಿ ಮುಚ್ಚಿದರೆ ಒಲ್ಲೆ ಎಂದು. ಪ್ರೊಫೆಸರರು ಇಳಿದು ಒಂಬತ್ತು ಎಂದರು, ಮುಷ್ಟಿ. ಎಂಟು ಎಂದರು, ಮುಷ್ಟಿ. ಮೂರಕ್ಕೆ ಬಂದರು, ಎರಡಕ್ಕೆ ಬಂದರು, ಒಂದು ಬೆರಳು ಹಿಡಿದು ಅಲ್ಲಾಡಿಸಿದರು. ಮುಷ್ಟಿ ಬಿಚ್ಚಲಿಲ್ಲ. ಶಲ್ಯ ಎದ್ದು ಬೀಳುತ್ತಿತ್ತು, ಒಳಗೆ ಎರಡು ಬೆಕ್ಕು ಬಿಟ್ಟಂತೆ.

ದಲಾಲ ತಡೆಯಲಾರದೆ ಹೇಳಿದ. "ಕಾಕಾ, ನಿಮ್ಮ ಮಾಲು ನಿಮಗ ಪುಕ್ಕಟ ಕೊಡ್ತೇನಿ ಅಂತ ಅಂಗಡಿ ತನಕ ಬಂದಾರ. ಹಿಂತಾದ್ದು ನಾ ಎಲ್ಲೂ ಕಂಡಿಲ್ಲ."

ಮಾವನವರು ಮುಷ್ಟಿ ಯಾಕೆ ಬಿಚ್ಚುತ್ತಿಲ್ಲ ಎಂದು ನನಗೆ ತಿಳಿದಿತ್ತು. ಹನ್ನೆರಡು ಅಧ್ಯಾಯವಾದರೆ ಇರುವೆ ಅಕ್ಷರ. ಎರಡೇ ಆದರೆ ಅದೇ ಕಾಗದದಲ್ಲಿ ಅಕ್ಷರ ದೊಡ್ಡದು ಮಾಡಬಹುದು. ಅದನ್ನು ಅವರು ಪ್ರೊಫೆಸರರಿಗೆ ಹೇಳುವುದು ಹೇಗೆ? ಶಲ್ಯದ ಕೆಳಗೆ ಬೆರಳಿಗೆ ಲೆಕ್ಕ ಬರುತ್ತದೆ, ಕಣ್ಣು ಕಾಣುವುದಿಲ್ಲ ಎಂದು ಹೇಳಲು ಬರುವುದಿಲ್ಲ. ಬಾಯಿಂದ ಹೇಳಿದರೆ ಇಡೀ ಪೇಟೆ ಅಲ್ಲೇ ಕುಳಿತಿದೆ. ಚಹಾ ಆರುತ್ತಿತ್ತು. ನನಗೆ ಬೇಸರ ಬಂತು.

"ಅವರಿಗೆ ಕಣ್ಣ ಕಾಣೂದಿಲ್ರಿ," ಎಂದೆ ಬಾಗಿಲಿಂದಲೇ. "ಎರಡಽ ಇರಲಿ. ಅಕ್ಷರ ದೊಡ್ಡೂವು ಹಾಕಸ್ರಿ."

ಮನೆಯವರು ನನ್ನ ಕಡೆ ಕೆಕ್ಕರಿಸಿ ನೋಡಿದರು. ಮಾವನವರ ಕೈ ಶಲ್ಯದ ಕೆಳಗೆ ಹಾಗೇ ಇತ್ತು. ಒಬ್ಬ ಹಮಾಲ ಕೆಮ್ಮಿದ.

"ಕಾಣೂದಿಲ್ಲ ಅನ್ನೂದು ಗೊತ್ತಿಲ್ಲೇನವ್ವಾ ನಮಗ?" ಎಂದ ದಲಾಲ ಕಾಕಾ. "ದೀಪಾವಳಿಯಿಂದ ನಾವಽ ಅವರ ಮುಂದ ಛಲೋ ಮಾಲು ಸರಿಸಿ ಇಡಾಕ ಹತ್ತೇವಿ."

"ಯಾರು?" ಎಂದರು ಮಾವನವರು.

"ಎಲ್ಲಾರೂ."

"ಮೆಟ್ಟಲಾ ಇಳಿಯೂ ಮುಂದ ಚಪ್ಪಲಿ ಹುಡಕ್ತೀರಲ್ಲ, ಬರಿಗಾಲಾಗ ಇದ್ದಾಗೂ ಹುಡಕ್ತೀರಿ," ಎಂದು ಹಗೇವಿನವನು ಹೇಳಿದ.

ಎಲ್ಲರೂ ನಕ್ಕರು. ಕಿವುಡ ಅಣ್ಣ ಎಲ್ಲರಿಗಿಂತ ಕೊನೆಗೆ, ಬಹಳ ಹೊತ್ತು ನಕ್ಕ. ಮಾವನವರು ನಗಲಿಲ್ಲ. ಆದರೆ ಮುಷ್ಟಿ ಬಿಚ್ಚಿ ಶಲ್ಯ ತೆಗೆದು ಹೆಗಲಿಗೆ ಹಾಕಿಕೊಂಡರು. "ಹಂಗಾದ್ರ ಆತು," ಎಂದರು. "ಎರಡಽ. ದೊಡ್ಡ ಅಕ್ಷರ."

ಪ್ರೊಫೆಸರರು ತಲೆಯ ಮೇಲೆ ಕೈ ಹೊತ್ತರು. "ಅಜ್ಜಾರ, ಅಷ್ಟ ದೊಡ್ಡ ಮೊಳಿ ಪುಸ್ತಕಕ್ಕ ಇರೂದಿಲ್ರಿ. ನಾಟಕದ ಜಾಹೀರಾತಿಗೆ ಮಾತ್ರ ಇರ್ತಾವ."

"ಆ ಮೊಳೀನಽ ಬೇಕು. ಅದು ನನಗ ಕಾಣಸ್ತೈತಿ."

"ವಿದ್ವತ್ತಿನ ಗ್ರಂಥ ಹಂಗ ಇರೂದಿಲ್ರಿ."

"ನಿಮ್ಮ ಆಧಾರನೂ ಹಾಕ್ರಿ," ಎಂದರು ಮಾವನವರು. "ಚಕ್ಕಡಿ ಮಾಡಿ ಕರ್ಕೊಂಡ ಬಂದೇನಿ, ಬಿಡಾಂಗಿಲ್ಲ."

ಒಳ್ಳೆಯ ಮನುಷ್ಯ ಎಂದೆನಲ್ಲ. ಅವರೇ ಧಾರವಾಡಕ್ಕೆ ಹೋಗಿ ಹಟ ಹಿಡಿದು ಅಚ್ಚು ಹಾಕಿಸಿದರು. ಎರಡು ಅಧ್ಯಾಯ, ಜಾಹೀರಾತಿನ ಅಕ್ಷರ. ಒಂದು ಪುಟಕ್ಕೆ ಮೂರು ಸಾಲು. ಅದರ ಕೆಳಗೆ ಪ್ರೊಫೆಸರರ ಪದ್ಧತಿಯಂತೆ ಆಧಾರ: ಇಂಥ ಹಮಾಲ ಹೇಳಿದ್ದು, ಇಂಥವನ ಮಗ ಹೇಳಿದ್ದು. ಅದೂ ಅದೇ ಅಕ್ಷರದಲ್ಲಿ. ಕೆಲವು ಪುಟಗಳಲ್ಲಿ ಮಾವನವರ ಮಾತಿಗಿಂತ ಹಮಾಲರೇ ಹೆಚ್ಚು ಜಾಗ ಹಿಡಿದಿದ್ದರು. ಇಂಥದ್ದಕ್ಕೆ ಮುನ್ನುಡಿ ಬರೆದರೆ ಕಾಲೇಜಿನಲ್ಲಿ ನಗುತ್ತಾರೆ ಎಂದು ಅವರ ಹೆಂಡತಿ ಹೇಳಿದ್ದರಂತೆ. ಬರೆದರು. ನಕ್ಕರು ಎಂದೂ ಕೇಳಿದೆ.

ಪುಸ್ತಕ ಬಂದ ದಿನ ಮಾವನವರು ಯಾರ ಜೊತೆಗೂ ಮಾತಾಡಲಿಲ್ಲ. ಅಂಗಡಿಯ ಮುಂದೆ ಬಿಸಿಲು ಬೀಳುವಲ್ಲಿ ಗೋಣಿ ಹಾಸಿಕೊಂಡು ಕುಳಿತರು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, ಬೆರಳು ಇಟ್ಟು, ತುಟಿ ಆಡಿಸುತ್ತ ಓದಿದರು. ಗಿರಾಕಿ ಬಂದರೆ ಕೈ ಸನ್ನೆ ಮಾಡಿ ಕಳಿಸಿದರು. ಹಗೇವಿನ ಬಾಯಿ ತೆಗೆದ ಕೂಡಲೆ ಒಳಗೆ ಇಳಿಯಬಾರದು, ಮೊದಲು ದೀಪ ಇಳಿಬಿಡಬೇಕು, ದೀಪ ಆರಿದರೆ ಮನುಷ್ಯನೂ ಆರುತ್ತಾನೆ ಎಂಬ ಸಾಲು ಬಂದಾಗ ಜೋರಾಗಿ ಓದಿ, "ಬರೋಬ್ಬರಿ" ಎಂದರು, ಯಾರೋ ಬೇರೆಯವರು ಬರೆದದ್ದನ್ನು ಒಪ್ಪಿಕೊಂಡಂತೆ. ನಾನು ಊಟಕ್ಕೆ ಕರೆಯಲು ಹೋದಾಗ ಕೊನೆಯ ಪುಟದಲ್ಲಿದ್ದರು. ಅದನ್ನು ಮುಗಿಸಿ ತಿರುವಿದರು. ಹಿಂದೆ ಬರಿಯ ರಟ್ಟು.

"ಮುಂದಿಂದು ಎಲ್ಲೈತವ್ವಾ?"

"ಎಲ್ಲೈತಿ ಅಂದ್ರ? ನೀವಽ ಕೊಟ್ಟ ಬಂದ್ರೆಲ್ಲ, ಶಲ್ಯದ ಬುಡಕ."

ಅವರು ರಟ್ಟಿನ ಮೇಲೆ ಕೈ ಆಡಿಸಿದರು.

"ಹೋಗಿದ್ದ ಛಲೋ ಆತು," ಎಂದರು. "ಅದರಾಗ ಸುಳ್ಳ ಭಾಳ ಇತ್ತು."

ಆಮೇಲೆ ಊಟಕ್ಕೆ ಎದ್ದರು.